ಅರವತ್ತೈದರ ಅಕ್ಷರಾಭ್ಯಾಸ

ಆಶ್ಟಬ್ಯೂಲದ ಗ್ರಂಥಾಲಯ. ಹೊರಗೆ ಹೆಪ್ಪುಗಟ್ಟಿದ ಸರೋವರ.
ರೋಂಡಾ ಕಾಂಗಸ್ ಕನ್ನಡಕ ಒರೆಸಿ ಓದುತ್ತಾಳೆ:
ಎ, ಬಿ, ಡಿ, ಜಿ, ಕೆ, ಎನ್.
ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಇಷ್ಟು ಹಲ್ಲುದುರಿದ ಅಕ್ಷರಮಾಲೆ
ಯಾವ ಮಗುವೂ ಒಪ್ಪಿಸಿರಲಿಲ್ಲವಂತೆ.

ಸರ್ಕಾರದ್ದು ನೂರಕ್ಕೆ ಎಂಬತ್ತು, ಎನ್ನುತ್ತೇನೆ.
ಉಳಿದ ಇಪ್ಪತ್ತಕ್ಕೆ ತಳವಿಲ್ಲ,
ಅದಕ್ಕೇ ಈ ತೇಪೆ.
‘ಹಲ್ಲು?’
ಸೇರಿಲ್ಲ.
‘ಕಿವಿ?’
ಊಹೂಂ.
‘ಹಾಗಾದರೆ ನಾನು ಎಲ್ಲಿಂದ ಶುರು?’
ಕೊರಳಿಂದ ಕೆಳಗೆ, ಅಂದೆ.
ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು.

ಆರು ತಿಂಗಳು ಯಾರೂ ಕಾಯಿಲೆ ಕೇಳುವುದಿಲ್ಲ,
ಆಮೇಲೆ ಕೇಳಬಹುದು.
‘ನನ್ನ ಬಸ್ಸು ಎಂದು ಹೊರಡುತ್ತೆ?’
ಬೆರಳು ಮಡಿಸಿದೆ: ಇನ್ನು ಹತ್ತೊಂಬತ್ತು ದಿನ.

‘ಓಡಿ ಬರುವ ಮಕ್ಕಳಿಗೆ ನಾನು ಕಾಯುತ್ತಿದ್ದೆ,’ ಎಂದಳು,
ಯಾರಿಗೂ ಅಲ್ಲ.
ಜಿ ಸುತ್ತ ಪೆನ್ಸಿಲ್ಲಿನ ಸುತ್ತು;
ಕಂತು ನೋಡಿ, ಅಳಿಸಿ, ಎನ್ ಸುತ್ತ.
ರಬ್ಬರಿನ ಪುಡಿಯನ್ನು ಅಂಗೈಗೆ ಬಳಿದು
ಕೋಟಿನ ಜೇಬಿಗೆ ಹಾಕಿಕೊಂಡಳು.