ಏಳನೇ ತರಗತಿಯ ಗ್ರೂಪ್ ಫೋಟೊ

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ.
ಅಪ್ಪ ಹಾಕಿದ ಬೋರ್ಡು, ನಾನು ಬದಲಿಸಿದ ಕ್ಯಾಮೆರಾ.
ಇಪ್ಪತ್ತೆರಡು ವರ್ಷದಿಂದ
'ಸ್ವಲ್ಪ ನಗಿ' ಅನ್ನುವುದೇ ಕಸುಬು.
ಬೋಡನಹಟ್ಟಿ ಶಾಲೆಯಲ್ಲಿ ಮಾತ್ರ
ಆ ಮಾತು ಆಡುವುದಿಲ್ಲ.

ಮೂವತ್ತೊಂದು ಮಕ್ಕಳು, ಮೂರು ಸಾಲು,
ತುಟಿಗೆ ಚಿಲಕ ಹಾಕಿಕೊಂಡು ನಿಲ್ಲುತ್ತಾರೆ.
ಒಬ್ಬಳು ಮರೆತು ನಕ್ಕರೆ ಪಕ್ಕದವಳು ಚಿವುಟುತ್ತಾಳೆ.
ಹಲ್ಲಿನ ಮೇಲೆ ಕಂದು ಗೆರೆ,
ಸುಣ್ಣದ ಗೋಡೆಯ ಮೇಲೆ ಸೋರಿದ ನೀರು ಇಳಿದ ಹಾಗೆ.
ಉಜ್ಜಿದರೆ ಹೋಗದು. ಒಳಗಿನಿಂದ ಬಂದದ್ದು.

ನೀರು ನೋಡಿದರೆ ಸ್ಫಟಿಕ, ಕುಡಿದರೆ ತಂಪು.
ಸಾವಿರದಿನ್ನೂರು ಅಡಿ ಕೆಳಗೆ
ಕಲ್ಲಿನ ಜೊತೆ ಮಲಗೆದ್ದು ಬಂದದ್ದು
ಯಾರಿಗೂ ಏನೂ ಬಾಯಿಬಿಡುವುದಿಲ್ಲ.
ಇಲಾಖೆಯವರು ಬಂದರು, ಬೋರಿನ ಪಕ್ಕದ ಕಟ್ಟೆಗೆ
ಕೆಂಪು ಬಣ್ಣದಲ್ಲಿ ಬರೆದರು: ಕುಡಿಯಲು ಯೋಗ್ಯವಲ್ಲ.
ಬಣ್ಣ ಎರಡು ಬೇಸಿಗೆ ತಡೆಯಿತು.
ಮೊದಲು ಉದುರಿದ್ದು 'ವಲ್ಲ'.
ಉಳಿದದ್ದನ್ನು ಈಗಲೂ ಓದಬಹುದು.

ಶುದ್ಧ ನೀರಿನ ಘಟಕದ ಉದ್ಘಾಟನೆಗೂ ನಾನೇ ಹೋಗಿದ್ದೆ,
ಪಂಚಾಯಿತಿ ಕರೆದಿತ್ತು, ದುಡ್ಡು ಇನ್ನೂ ಬರಬೇಕು.
ಆ ಫೋಟೊಗಳಲ್ಲಿ ಎಲ್ಲರ ಹಲ್ಲೂ ಕಾಣುತ್ತವೆ:
ಟೇಪು ಕತ್ತರಿಸಿದವರದು, ತಟ್ಟೆ ಹಿಡಿದವರದು,
ಮೊದಲ ಲೋಟ ಎತ್ತಿ, ಕ್ಯಾಮೆರಾ ನೋಡಿ,
ಕುಡಿಯದೆ ಕೆಳಗಿಟ್ಟವರದು.
ಅವರ ಕಾರಿನಲ್ಲಿ ಬಾಟಲಿಗಳಿದ್ದವು.
ಅದನ್ನು ನಾನು ತೆಗೆಯಲಿಲ್ಲ.

ಐದು ರೂಪಾಯಿಗೆ ಇಪ್ಪತ್ತು ಲೀಟರು.
ಏಳು ತಿಂಗಳು ಕೊಟ್ಟಿತು, ಆಮೇಲೆ
ನಾಣ್ಯ ನುಂಗಿ, ಗುರ್ ಅಂದು, ಸುಮ್ಮನಾಗತೊಡಗಿತು.
ಒಳಗೆ ಕಟ್ಟಿಕೊಂಡಿದೆ, ಹೊಸದು ಹಾಕಬೇಕು ಅಂದ ಮಲ್ಲೇಶಿ.
ಪಂಚಾಯಿತಿಯನ್ನು ಕೇಳಿದರೆ ಏಜೆನ್ಸಿ,
ಏಜೆನ್ಸಿಯನ್ನು ಕೇಳಿದರೆ ಟೆಂಡರು ಮುಗಿದಿದೆ,
ಹೊಸ ಟೆಂಡರಿಗೆ ಚುನಾವಣೆಯ ನೀತಿಸಂಹಿತೆ.
ಘಟಕದ ನೆರಳಿಗೆ ಈಗ ಎಮ್ಮೆ ಕಟ್ಟುತ್ತಾರೆ.
ಅಲ್ಲಿ ಬೇರೆ ನೆರಳಿಲ್ಲ, ತಪ್ಪೇನಲ್ಲ.

ಒಂದು ದಂತ ಶಿಬಿರವೂ ಆಯಿತು.
ಬಾಯಿ ತೆರೆಸಿದರು, ಎಣಿಸಿದರು, ಬರೆದುಕೊಂಡರು,
ತಲೆಗೊಂದು ಪೇಸ್ಟು ಕೊಟ್ಟರು.
ತಿಪ್ಪೇಶ ಟ್ಯೂಬಿನ ಸಣ್ಣಕ್ಷರ ಕೂಡಿಸಿ ಓದಿದ:
ಫ್ಲೋ-ರೈಡ್ ಯು-ಕ್ತ.
ಮೇಷ್ಟ್ರು ಗಹಗಹಿಸಿ ನಕ್ಕು, ಕೈ ಅಡ್ಡ ಹಿಡಿದುಕೊಂಡರು,
ಅವರೂ ಇದೇ ಊರಿನವರು.
ಡಾಕ್ಟರಮ್ಮ ನಗಲಿಲ್ಲ. ಟ್ಯೂಬು ವಾಪಸು ತೆಗೆದುಕೊಂಡು,
ಬದಲಿಗೆ ಏನು ಕೊಡಬೇಕೋ ತಿಳಿಯದೆ,
ತನ್ನ ಪೆನ್ನು ಕೊಟ್ಟಳು.

ನಾನೂ ಸಾಚಾ ಅಲ್ಲ.
ಈ ಊರಿನ ಹೆಣ್ಣುಮಕ್ಕಳ ಗಂಡಿಗೆ ತೋರಿಸುವ ಫೋಟೊ ಬಂದರೆ
ರಾತ್ರಿ ಕಂಪ್ಯೂಟರಿನ ಮುಂದೆ ಕೂತು
ಒಂದೊಂದೇ ಹಲ್ಲು ತೊಳೆಯುತ್ತೇನೆ, ಪುಕ್ಕಟೆ.
ಹತ್ತೇ ನಿಮಿಷ,
ಬೋಡನಹಟ್ಟಿಯ ನೀರು ಸರಿಹೋಗುತ್ತದೆ.

ಮೊನ್ನೆ ಹಾಸನದ ಕಚೇರಿಯಿಂದ ಫೋನು. ವರದಿಗೆ ಫೋಟೊ ಬೇಕು:
ಫಲಾನುಭವಿ ಮಕ್ಕಳು, ನಗುಮುಖ, ಹಿಂದೆ ಘಟಕ.
ಎಮ್ಮೆ ಬಿಚ್ಚಿದರು. ಮಕ್ಕಳು ನಿಂತರು.
ಮಂಡಿ ಮಡಿಸಲಾರದ ಸಣ್ಣೀರಜ್ಜಿ ಗೋಡೆ ಹಿಡಿದುಕೊಂಡು ಬಂದು
'ಹಲ್ಲು ಬಿಡ್ರೋ ಮಕ್ಳಾ,
ಕದ್ದೋರು ನೀವಲ್ಲ' ಅಂದಳು.

ಯಾರೂ ಬಿಡಲಿಲ್ಲ. ನಾನು ಕಾದೆ.
ಅಷ್ಟರಲ್ಲಿ ಎಮ್ಮೆ ತನ್ನ ಜಾಗ ಹುಡುಕಿಕೊಂಡು ಬಂದು
ನಾಣ್ಯ ಹಾಕುವ ತೂತನ್ನು
ಉದ್ದ ನಾಲಗೆಯಿಂದ ನೆಕ್ಕಿತು.

ಮೂವತ್ತೊಂದು ಬಾಯಿ ಒಟ್ಟಿಗೆ ತೆರೆದವು.

ಒಂದೂ ಹಲ್ಲು ತೊಳೆಯದೆ ಕಳಿಸಿದೆ.
ನಿನ್ನೆ ಉತ್ತರ ಬಂತು: ಬಣ್ಣ ಸರಿಯಿಲ್ಲ,
ಹಳದಿ ಹೊಡೆಯುತ್ತಿದೆ, ಮತ್ತೊಮ್ಮೆ ತೆಗೆದು ಕಳಿಸುವುದು.

ಎಮ್ಮೆಯ ಬಗ್ಗೆ ಏನೂ ಬರೆದಿರಲಿಲ್ಲ.