ವಿಷಲ್ಲಿಗೆ ನಿಲ್ಲದ್ದು

ಇಪ್ಪತ್ತೆರಡು ವರ್ಷ ಮಂಡ್ಯದ ಸ್ಕೂಲು ಮೈದಾನದಲ್ಲಿ
ಸಾವಧಾನ್ ಅಂದರೆ ಕಾಲುಗಳು ಕೂಡಿದವು,
ವಿಶ್ರಾಮ್ ಅಂದರೆ ಸಡಿಲವಾದವು.
ಮಾಂಸಖಂಡ ಅಂದರೆ
ಮಾತು ಕೇಳುವ ಜಾತಿ ಎಂದೇ ನಂಬಿದ್ದೆ.

ಡಾಕ್ಟರ್ ಪೂವಮ್ಮ ಸ್ಕ್ಯಾನಿನ ಹಾಳೆ ಬೆಳಕಿಗೆ ಹಿಡಿದು
ಇನ್ನೊಂದು ಜಾತಿ ಇದೆ ಮಿಸ್, ಅಂದರು.
ಕರುಳ ಗೋಡೆಯಲ್ಲಿ, ರಕ್ತನಾಳದಲ್ಲಿ, ಗರ್ಭಕೋಶದಲ್ಲಿ.
ನುಣುಪು ಸ್ನಾಯು.
ಅಪ್ಪಣೆಗೆ ಕಾಯುವುದಿಲ್ಲ.

ಏಳು ವರ್ಷದ ಹಿಂದೆ
ಬೆರಳು ತೂರದ ತೂತಿನಿಂದ
ಗರ್ಭಕೋಶದ ಗಡ್ಡೆಯನ್ನು ಪುಡಿಮಾಡಿ ತೆಗೆದಿದ್ದರು.
ಮೂರನೇ ದಿನ ಮನೆ, ತಿಂಗಳಿಗೆ ಮೈದಾನ.
ಅವತ್ತು ಉದುರಿದ ನುಚ್ಚು ಒಳಗೇ ಬೇರುಬಿಟ್ಟಿರಬಹುದು.
ಇರಬಹುದು; ಖಚಿತವಾಗಿ ಯಾರೂ ಹೇಳಲಿಲ್ಲ.
ಅಪರೂಪ, ಅಪರೂಪ ಅಂತ ಮೂರು ಸಲ ಅಂದರು.
ಓಡದೇ ಇದ್ದ ಓಟಕ್ಕೆ
ಪದಕ ಕೊರಳಿಗೆ ಬಿದ್ದ ಹಾಗಾಯಿತು.

ಚಿತ್ರದಲ್ಲಿ ನಾನೂ ನೋಡಿದೆ:
ಹೊಟ್ಟೆಯ ಉದ್ದಕ್ಕೂ ಖೋಖೋ ಸಾಲು,
ಒಂದು ಇತ್ತ ಮುಖ, ಒಂದು ಅತ್ತ ಮುಖ,
ಕುಕ್ಕರುಗಾಲಲ್ಲಿ ಕೂತು
ಬೆನ್ನ ಮೇಲೆ ಬೀಳುವ ಕೈಗೆ ಕಾಯುತ್ತಿವೆ.

ಬಯಾಪ್ಸಿ ಬರುವ ತನಕ ಒಂಬತ್ತು ದಿನ
ಪುಟ್ಟಮಾದು ಟೀವಿ ಹಾಕಲಿಲ್ಲ.
ಕ್ಯಾನ್ಸರ್ ಅಲ್ಲ, ಅಂತ ಬಂತು.
ಕೆಳಗೆ ಸಣ್ಣ ಅಕ್ಷರದಲ್ಲಿ:
ಕಣ್ಣಿಟ್ಟಿರಬೇಕು.

ಆಪರೇಷನ್ನಿಗೆ ಮೈಸೂರಿಗೆ ಹೊರಟ ಬೆಳಗ್ಗೆ
ರೈಲು ಪಶ್ಚಿಮವಾಹಿನಿ ಹಾಯುವಾಗ
ಬಾಟಲಿ ಮುಚ್ಚಳ ಬಿಚ್ಚಿಕೊಡು ಅಂದ.
ಬಿಚ್ಚಿಕೊಟ್ಟೆ. ಅವನು ಕುಡಿಯಲಿಲ್ಲ.
ಅಸ್ಥಿ ಬಿಡುವ ನೀರನ್ನು
ನಾನು ನೋಡದಿರಲಿ ಅಂತ ಅಷ್ಟೆ.

ಐದೂವರೆ ಗಂಟೆ.
ಇಪ್ಪತ್ತಮೂರು ಔಟ್. ಜೊತೆಗೆ ಅಂಡಾಶಯ ಎರಡೂ,
ಅವು ಊಟ ಬಡಿಸುತ್ತಿದ್ದವಂತೆ ಇವಕ್ಕೆ.
ಕರುಳಿಗೆ ಅಂಟಿದ ಎರಡನ್ನು ಬಿಟ್ಟರು,
ಅವರೆಕಾಳಿನಷ್ಟು.
ಅವುಗಳ ಹಸಿವು ಕಾಯಲು ದಿನಕ್ಕೊಂದು ಮಾತ್ರೆ,
ಆರು ತಿಂಗಳಿಗೊಂದು ಹಾಜರಿ.

ಗಾಳಿ ಹೋಯ್ತಾ ಅಮ್ಮ, ಅಂತ ನರ್ಸು ಗ್ಲೋರಿ
ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.
ಇಲ್ಲ.
ವಿಷಲ್ ಇದ್ದಿದ್ದರೆ ಊದುತ್ತಿದ್ದೆನೋ ಏನೋ.
ನಾಲ್ಕನೇ ರಾತ್ರಿ ವಾರ್ಡೆಲ್ಲ ಮಲಗಿದಾಗ
ಒಳಗೆ ಗುಡುಗುಡು.
ಕರೆಯದೇ ಯಾರೋ ಕೆಲಸಕ್ಕೆ ಬಂದಿದ್ದರು.
ಇದೇ ಜಾತಿ. ಇದೇ ನುಣುಪು.
ನನ್ನ ಮಗಳನ್ನು ಹೊರಗೆ ನೂಕಿದ್ದೂ ಇದೇ,
ನಾನು ತಾಳು, ತಾಳು ಅನ್ನುತ್ತಿರುವಾಗಲೇ.
ದಿಂಬು ಕಚ್ಚಿಕೊಂಡು ಅತ್ತೆ, ಹೊಲಿಗೆ ನೋಯುತ್ತಿತ್ತು.

ಈಗ ಮೈದಾನದಂಚಲ್ಲಿ ಕುರ್ಚಿ ಹಾಕಿಕೊಡುತ್ತಾರೆ.
ನೆತ್ತಿಗೇರುವ ಬಿಸಿಗೆ ಹಾಜರಿ ಪುಸ್ತಕದಿಂದ ಗಾಳಿ.
ಎಂಟನೇ ಕ್ಲಾಸಿನ ಬಿಂದುಶ್ರೀ ಪಕ್ಕಕ್ಕೆ ಬಂದು
ಹೊಟ್ಟೇಲಿ ಏನಿತ್ತು ಮಿಸ್, ಅಂದಳು.
ಮಸಲ್ಸ್ ಕಣೇ, ಅಂದೆ.
ನಂಬಲಿಲ್ಲ. ನಗುತ್ತಾ ಓಡಿದಳು,
ಖೋ ಕೂಗುವುದಕ್ಕೆ.