ಬಹುವಚನ

ಗುತ್ತಲು ರಸ್ತೆಯಲ್ಲಿ ಗೊಬ್ಬರದ ಅಂಗಡಿ ದಾಟಿದ ಮೇಲೆ
ಸುಟ್ಟ ಮೋಟರುಗಳ ಸಾಲು ಕಂಡರೆ ಅದೇ, ಅಂದಿದ್ದರು.
ಕಂಡಿತು. ವಾರ್ನಿಷ್ಷಿನ ವಾಸನೆ, ತಾಮ್ರದ ಸುರುಳಿ,
ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿದ ಪಂಪು,
ಅದರ ಹೊಟ್ಟೆಯೊಳಗೆ ಕೈ ಬಿಟ್ಟು ಕೂತ ಪುಟ್ಟಾಚಾರಿ.

ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆಯಲ್ಲಿದ್ದ ಕೈ.
ಹೆಗಲ ಮೇಲೆ ಈಗ ಪಟ್ಟಿಯಿಲ್ಲ,
ಒಂದು ಟವಲ್ಲಿದೆ.

ಮೈಸೂರಿಂದ ಸ್ಕೂಟರಿನಲ್ಲಿ ಬರುವಾಗ
ಶ್ರೀರಂಗಪಟ್ಟಣದ ಸೇತುವೆ ಮೇಲೆ,
ಯಲಿಯೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ
ಒಂದೇ ಯೋಚನೆ: ಏನೆಂದು ಕರೆಯಲಿ?

ಹಡಗಿನಲ್ಲಿ ಸುಲಭವಿತ್ತು.
ನಾನು ‘ಚೀಫ್’ ಅನ್ನುತ್ತಿದ್ದೆ, ಅವರು ‘ಮೇಡಂ’.
ನನಗೆ ಇಪ್ಪತ್ಮೂರು, ಅವರ ಮಗಳಿಗೆ ಇಪ್ಪತ್ತಾರು.
ನನ್ನ ಡಬ್ಬಿಯ ಹುಚ್ಚೆಳ್ಳು ಚಟ್ನಿಪುಡಿಯ ವಾಸನೆಗೇ
ಊರು ಯಾವುದೆಂದು ಅವರಿಗೆ ಗೊತ್ತಾಗಿತ್ತು.
ಆದರೂ ಕನ್ನಡ ತೆಗೆಯಲಿಲ್ಲ.
ತೆಗೆದರೆ ನೀನೋ ನೀವೋ ಎಂದು
ಯಾರಾದರೊಬ್ಬರು ತೀರ್ಮಾನಿಸಬೇಕಿತ್ತಲ್ಲ.

ಆ ರಾತ್ರಿ, ಎಂಜಿನ್ ಕೋಣೆಯಲ್ಲಿ,
ವಾಲ್ವು ಮುಚ್ಚಿರುವಾಗಲೇ ಪಂಪು ಶುರು ಮಾಡಿ ಅಂದೆ ನಾನು.
ಗಟ್ಟಿಯಾಗಿ. ಏಳು ಜನ ನಾವಿಕರ ಎದುರು.
ಒಬ್ಬ ಹುಡುಗ ಆಗಲೇ ತುಟಿ ಕಚ್ಚಿ ನಗು ನುಂಗುತ್ತಿದ್ದ.
ಚೀಫ್ ಅಂದರು: ‘ಆಗಲಿ ಮೇಡಂ. ಒಂದು ನಿಮಿಷ.
ಕನ್ನಡಕ ಮರೆತು ಬಂದೆ,
ಆ ಗೇಜು ಸ್ವಲ್ಪ ಓದಿ ಹೇಳುತ್ತೀರಾ?’
ಓದಿದೆ.
ಓದುತ್ತ ಓದುತ್ತ ಕಿವಿ ಬಿಸಿಯಾಯಿತು.
ಅವರ ಕನ್ನಡಕ ಜೇಬಿನಲ್ಲಿತ್ತು. ಎಲ್ಲರಿಗೂ ಕಾಣುತ್ತಿತ್ತು.
ಯಾರೂ ನಗಲಿಲ್ಲ, ಆ ಹುಡುಗ ಕೂಡ.
ನನ್ನ ಎರಡನೆಯ ಆಜ್ಞೆಯನ್ನು ಅವರು
ಮೊದಲನೆಯದೇ ಎಂಬಂತೆ ಕೂಗಿ ಹೇಳಿದರು.

ಆಮೇಲೆ ಏಣಿಯ ಬುಡದಲ್ಲಿ, ಯಾರೂ ಇಲ್ಲದಾಗ,
ಒಂದೇ ಒಂದು ಸಲ:
‘ಏನವ್ವಾ, ಗೇಜ್ ನೋಡ್ದೆ ಬಾಯ್ ಬುಡ್ತಾರಾ?
ಎರಡ್ ರಾತ್ರಿಯಿಂದ ನಿದ್ದೆ ಮಾಡಿಲ್ಲ ನೀನು. ಹೋಗ್ ಮನೀಕೊ.’
ಒಂದು ಹೆಜ್ಜೆ ಹಿಂದೆ ಸರಿದರು.
‘ಗುಡ್ ನೈಟ್, ಮೇಡಂ.’

ಈಗ ನನ್ನನ್ನು ಕಂಡು ಎದ್ದರು. ಮೊಣಕಾಲು ಬೆಂಚಿಗೆ ಬಡಿಯಿತು.
ಕೈ ಹಣೆಯತ್ತ ಹೊರಟು, ಗ್ರೀಸು ನೆನಪಾಗಿ, ನಡುವೆ ನಿಂತಿತು.
ಅವರ ಕಾಲಿಗೆಂದು ಬಾಗಿದ ನಾನೂ ನಡುವೆಯೇ ನಿಂತೆ.
ಕೆರಗೋಡಿನ ಗಿರಾಕಿಯೊಬ್ಬ ಬೀಡಿ ಆರಿಸಿ ನೋಡುತ್ತಿದ್ದ.
‘ಯಾರ್ ಆಚಾರ್ರೆ, ಮಗಳಾ?’
‘ಅಲ್ಲ. ನಮ್ಮ ಸಾಹೇಬ್ರು.’
ಕೆಲಸದ ಹುಡುಗ ನನ್ನ ಹೆಲ್ಮೆಟ್ಟು ಕೂತ ಕೂದಲು ನೋಡಿ ಕಿಸಕ್ಕೆಂದ.
ಸ್ಟೂಲು ಒರೆಸಿ ಹಾಕಿದರು, ತಾವು ಕೂರಲಿಲ್ಲ.
‘ಕೂತ್ಕೊಳ್ಳಿ’ ಅಂದೆ.
‘ಆರ್ಡರ್ರಾ?’
‘ಅಂಗಡಿ ನಿಮ್ಮದು, ಚೀಫ್.’
ಕೂತರು.

ಬಂದ ಕೆಲಸ ಹೇಳಿದೆ. ಹೊಸ ಹಡಗು, ಹೊಸ ಚೀಫ್,
ನಾನು ಏನು ಹೇಳಿದರೂ ‘ಎಸ್ ಮೇಡಂ’ ಅನ್ನುತ್ತಾರೆ.
ತಪ್ಪು ಹೇಳಿದರೂ.
ಭಯವಾಗುತ್ತದೆ.

‘ಯಾವೂರವರು?’
ಗೊತ್ತಿರಲಿಲ್ಲ.
‘ಮಕ್ಕಳೆಷ್ಟು?’
ಗೊತ್ತಿರಲಿಲ್ಲ.
ಅವರು ಮುಂದೆ ಕೇಳಲಿಲ್ಲ. ತಂತಿಯ ತುದಿ ನನ್ನ ಕೈಗಿಟ್ಟರು:
‘ಬಿಗಿಯಾಗಿ ಹಿಡ್ಕೊ. ಸಡಿಲ ಬುಟ್ಟೀಯಾ, ಸುತ್ತು ಎಣಿಸು.’
ಎಣಿಸಿದೆ. ಹದಿನೇಳರಲ್ಲಿ ತಪ್ಪಿದೆ, ಬೈದರು, ಮತ್ತೆ ಒಂದರಿಂದ.
ಹುಡುಗ ಈ ಸಲ ನಗಲಿಲ್ಲ,
ಅವನೂ ಎಷ್ಟೋ ಸಲ ಒಂದರಿಂದ ಶುರು ಮಾಡಿದವನು.
ಟೀ ಬಂತು. ‘ತಗೊಳ್ಳಿ ಮೇಡಂ.’

ಸಂಜೆ ಐದಕ್ಕೆ ಕರೆಂಟು ಬಂದಾಗ ಮೋಟರು ಗುನುಗಿತು.
ಅವರು ಅದರ ಬೆನ್ನ ಮೇಲೆ ಅಂಗೈಯಿಟ್ಟು
ಕಣ್ಣಲ್ಲೇ ನನ್ನ ಕೈಗೂ ಜಾಗ ತೋರಿಸಿದರು.
‘ಕೇಳಿಸ್ತಾ?’
ನೀನೂ ಇಲ್ಲದ, ನೀವೂ ಬೇಡದ ಮಾತು.

ಕೇಳಿಸಿತು. ಎಲ್ಲೋ ಒಂದು ಕಡೆ ಸಣ್ಣಗೆ ಉಜ್ಜುತ್ತಿತ್ತು.
ಹೇಳಲೋ ಬೇಡವೋ ಎಂದು ನೋಡಿದೆ.
ಅವರು ಜೇಬಿನ ಕನ್ನಡಕ ಮುಟ್ಟಿಕೊಂಡು
ಕಾಯುತ್ತಿದ್ದರು.